ಕಪ್ಪು ಪರದೆಯಲ್ಲಿ ಮೆಣಸಿನಕಾಯಿ ರೇಟು: ಲಿನಕ್ಸ್‌ನಲ್ಲಿ ಫೈಲ್ ನೋಡುವುದು, ಜೋಡಿಸುವುದು ಹೀಗೆ

ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಲೆಕ್ಕ ಬರೆಯುವ ಗೆಳೆಯನೊಬ್ಬ ಇದ್ದಾನೆ. ಅವನ ಹಳೆಯ ಲ್ಯಾಪ್‌ಟಾಪ್ ಆನ್ ಆಗುವಷ್ಟರಲ್ಲಿ ಒಂದು ಕಪ್ ಚಹಾ ಮುಗಿಯುತ್ತಿತ್ತು. ಅದಕ್ಕೆ ಲುಬುಂಟು ಹಾಕಿಕೊಟ್ಟೆ. ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಒಂದು ಬಗೆ ಇದು, ಉಬುಂಟು ಅನ್ನುವುದರ ಹಗುರ ತಮ್ಮ. ಲ್ಯಾಪ್‌ಟಾಪ್ ಚುರುಕಾಯಿತು, ಅವನೂ ಖುಷಿಯಾದ. ಆದರೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ, ಟರ್ಮಿನಲ್ ಅನ್ನುವ ಕಪ್ಪು ಪರದೆ ತೆರೆದು ತೋರಿಸಿದ ಕೂಡಲೇ ಕುರ್ಚಿ ಹಿಂದಕ್ಕೆ ಸರಿಸಿದ. "ಇದು ನಮಗ ಆಗಂಗಿಲ್ಲೋ ಮಾರಾಯ. ಏನರ ಒತ್ತಿದ್ರ ಎಲ್ಲಾ ಅಳಿಸಿ ಹೋಗ್ತೈತಿ."

ಅವನ ಹೆದರಿಕೆ ಪೂರ್ತಿ ಸುಳ್ಳಲ್ಲ. ಅಳಿಸುವ ಆಜ್ಞೆಗೆ ಇಲ್ಲಿ ಕಸದ ಬುಟ್ಟಿ ಇಲ್ಲ, ಹೋದದ್ದು ಹೋಯಿತು. ಆದರೆ ದಿನಕ್ಕೆ ಬೇಕಾಗುವ ಆಜ್ಞೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುಮ್ನೆ ನೋಡುವಂಥವು. ಅವು ಯಾವ ಫೈಲನ್ನೂ ಮುಟ್ಟುವುದಿಲ್ಲ. ಹಾಗಾಗಿ ಅವನಿಗೆ ನಾನು ಒಂದು ಕ್ರಮ ಹಾಕಿಕೊಟ್ಟೆ. ಮೊದಲು ನೋಡುವ ಆಜ್ಞೆ, ಆಮೇಲೆ ಮಾಡುವ ಆಜ್ಞೆ, ಕಟ್ಟಕಡೆಗೆ ಅಳಿಸುವ ಆಜ್ಞೆ. ಇಲ್ಲೂ ಅದೇ ಕ್ರಮ.

ಟರ್ಮಿನಲ್ ತೆರೆಯಲು ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ 10 ಅಥವಾ 11 ಇದ್ದವರು 'ಡಬ್ಲ್ಯೂಎಸ್‌ಎಲ್' ಅನ್ನುವ ಸೌಲಭ್ಯ ಹಾಕಿಕೊಂಡರೆ ವಿಂಡೋಸ್ ಒಳಗೇ ಲಿನಕ್ಸ್ ಸಿಗುತ್ತದೆ. ತೆರೆದಾಗ ನಿಮ್ಮ ಹೆಸರು, ಮುಂದೆ ಒಂದು ಡಾಲರ್ ಚಿಹ್ನೆ, ಮಿನುಗುವ ಗೆರೆ ಕಾಣುತ್ತದೆ. ಅಂದರೆ ಅದು ನಿಮ್ಮ ಮಾತಿಗೆ ಕಾಯುತ್ತಿದೆ.

ಇಲ್ಲಿ ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಹೊಡೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆದು ಎಂಟರ್ ಒತ್ತಿ. ಕನ್ನಡದಲ್ಲಿ ನಮಗೆ ದೊಡ್ಡಕ್ಷರ, ಸಣ್ಣಕ್ಷರದ ಗೊಡವೆಯೇ ಇಲ್ಲ. ಲಿನಕ್ಸ್‌ಗೆ ಅದು ದೊಡ್ಡ ಗೊಡವೆ. ಒಂದೇ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೆ ಒಂದು ಫೈಲು, ಸಣ್ಣಕ್ಷರದಲ್ಲಿ ಬರೆದರೆ ಇನ್ನೊಂದು ಫೈಲು.

ಆಜ್ಞೆಗಳು ಇಷ್ಟು ಮೊಟಕು ಯಾಕೆ ಅಂತ ಗೆಳೆಯ ಕೇಳಿದ. ಲಿನಕ್ಸ್ ಶುರುವಾದದ್ದು 1991ರಲ್ಲಿ, ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಕೈಯಲ್ಲಿ. ಆದರೆ ಈ ಆಜ್ಞೆಗಳ ರೂಢಿ ಅದಕ್ಕಿಂತ ಹಳೆಯದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಕಟ್ಟತೊಡಗಿದ ಯುನಿಕ್ಸ್ ಅನ್ನುವ ಹಳೆಯ ವ್ಯವಸ್ಥೆಯಿಂದ ಬಂದದ್ದು. ಆಗ ಇಂಥ ಕೆಲಸಕ್ಕೆ ಹೆಚ್ಚಾಗಿ ಪರದೆ ಇರಲಿಲ್ಲ. ಟೆಲಿಟೈಪ್ ಯಂತ್ರ ಕಾಗದದ ಮೇಲೆ ಸೆಕೆಂಡಿಗೆ ಹತ್ತು ಅಕ್ಷರದಂತೆ ಟಕಟಕ ಹೊಡೆಯುತ್ತಿತ್ತು. ಅಂಥ ಯಂತ್ರದ ಮುಂದೆ ಕೂತವರು ಉದ್ದುದ್ದ ಹೆಸರು ಇಡುತ್ತಾರಾ?

ಮೊದಲ ಆಜ್ಞೆ ಪಿಡಬ್ಲ್ಯೂಡಿ. ರಸ್ತೆ ಮಾಡುವ ಇಲಾಖೆ ಅಲ್ಲ, 'ಪ್ರಿಂಟ್ ವರ್ಕಿಂಗ್ ಡೈರೆಕ್ಟರಿ'. ನಾನು ಈಗ ಎಲ್ಲಿ ನಿಂತಿದ್ದೇನೆ ಅನ್ನುವ ಪ್ರಶ್ನೆಗೆ ಉತ್ತರ. ಹೊಡೆದರೆ ಹೀಗೆ ಬರುತ್ತದೆ:

/ಹೋಮ್/ನಿಮ್ಮಹೆಸರು

ಮುಂದಿರುವ ಓರೆಗೆರೆಯೇ ಎಲ್ಲದರ ಬೇರು. ಹುಬ್ಬಳ್ಳಿಯಲ್ಲಿ ದಾರಿ ಹೇಳುವವರು ಬಹಳ ಸಲ ಚೆನ್ನಮ್ಮ ಸರ್ಕಲ್‌ನಿಂದ ಶುರು ಮಾಡುತ್ತಾರಲ್ಲ, ಹಾಗೆ. ನೀವು ಊರಿನ ಯಾವ ಮೂಲೆಯಲ್ಲಿದ್ದರೂ ಆ ವಿಳಾಸ ಸರಿಯಾಗಿಯೇ ಇರುತ್ತದೆ. ಓರೆಗೆರೆ ಇಲ್ಲದೆ ಶುರುವಾಗುವ ವಿಳಾಸ 'ಇಲ್ಲಿಂದ ಎರಡನೇ ಓಣಿ' ಅಂದ ಹಾಗೆ. ನಿಂತ ಜಾಗ ಬದಲಾದರೆ ಓಣಿಯೂ ಬದಲಾಗುತ್ತದೆ. 'ನೋ ಸಚ್ ಫೈಲ್' ಅಂತ ಬೈಗುಳ ಬಂದಾಗ ಫೈಲು ಕಳೆದುಹೋಯಿತು ಅಂತ ಗಾಬರಿ ಬೇಡ. ಬಹಳ ಸಲ ನೀವೇ ಬೇರೆ ಓಣಿಯಲ್ಲಿ ನಿಂತಿರುತ್ತೀರಿ.

ಎರಡನೆಯದು ಎಲ್‌ಎಸ್. ಈ ಡೈರೆಕ್ಟರಿಯಲ್ಲಿ, ಅಂದರೆ ಫೋಲ್ಡರಿನಲ್ಲಿ, ಏನೇನಿದೆ ಅಂತ ಪಟ್ಟಿ ಕೊಡುತ್ತದೆ. ಮುಂದೆ ಒಂದು ಜಾಗ ಬಿಟ್ಟು ಅಡ್ಡಗೆರೆ, ಅಕ್ಷರ ಸೇರಿಸಿದರೆ ವಿವರ ಹೆಚ್ಚುತ್ತದೆ.

ಎಲ್‌ಎಸ್ -ಎಲ್

ಈಗ ಒಂದೊಂದು ಫೈಲಿಗೆ ಒಂದೊಂದು ಸಾಲು: ಯಾರದು, ಎಷ್ಟು ದೊಡ್ಡದು, ಯಾವಾಗ ಬದಲಾಯಿತು. ಸಾಲಿನ ಮೊದಲ ಅಕ್ಷರ 'ಡಿ' ಇದ್ದರೆ ಅದು ಡೈರೆಕ್ಟರಿ. -ಎಲ್‌ಎಚ್ ಅಂದರೆ ಅಳತೆ ಕೆಬಿ, ಎಂಬಿಯಲ್ಲಿ ಬರುತ್ತದೆ. -ಎ ಅಂದರೆ ಚುಕ್ಕೆಯಿಂದ ಶುರುವಾಗುವ ಅಡಗಿದ ಫೈಲ್‌ಗಳೂ ಕಾಣುತ್ತವೆ.

ಮೂರನೆಯದು ಸಿಡಿ, ಜಾಗ ಬದಲಿಸಲು. 'ಸಿಡಿ ಮಾರ್ಕೆಟ್' ಅಂದರೆ ಮಾರ್ಕೆಟ್ ಡೈರೆಕ್ಟರಿಯ ಒಳಗೆ. 'ಸಿಡಿ ..' ಅಂದರೆ ಒಂದು ಮೆಟ್ಟಿಲು ಹೊರಗೆ. ಬರೀ 'ಸಿಡಿ' ಅಂದರೆ ಸೀದಾ ಮನೆಗೆ. ನನಗೆ ಇಷ್ಟವಾದದ್ದು 'ಸಿಡಿ -'. ಈಗಷ್ಟೇ ಬಿಟ್ಟು ಬಂದ ಜಾಗಕ್ಕೆ ವಾಪಸ್ ಕರೆದೊಯ್ಯುತ್ತದೆ. ಮತ್ತೆ ಹೊಡೆದರೆ ಮತ್ತೆ ಇಲ್ಲಿಗೆ. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನ ಹಾಗೆ ಎರಡೇ ಊರ ನಡುವೆ ಓಡಾಟ.

ಇನ್ನೊಂದು ಗುಟ್ಟು. ಹೆಸರಿನ ಮೊದಲೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಅದೇ ಬರೆದುಕೊಳ್ಳುತ್ತದೆ. ಮೇಲಿನ ಬಾಣ ಒತ್ತಿದರೆ ಹಿಂದೆ ಹೊಡೆದ ಆಜ್ಞೆ ಮತ್ತೆ ಬರುತ್ತದೆ. ಏನೋ ಸಿಕ್ಕಿಹಾಕಿಕೊಂಡಿತು ಅನಿಸಿದರೆ ಕಂಟ್ರೋಲ್ ಹಿಡಿದು ಸಿ ಒತ್ತಿ. ಗೆಳೆಯನ ಅರ್ಧ ಹೆದರಿಕೆ ಹೋದದ್ದು ಈ ಕಂಟ್ರೋಲ್-ಸಿ ಕಲಿತ ಮೇಲೆ.

ಈಗ ಫೈಲಿನ ಒಳಗೆ ಇಣುಕೋಣ. ಗೆಳೆಯ ಪ್ರತಿ ಟೆಂಡರ್ ದಿನಕ್ಕೆ ಒಂದು ಟೆಕ್ಸ್ಟ್ ಫೈಲ್ ಮಾಡುತ್ತಾನೆ. ಡಬ್ಬಿ, ಕಡ್ಡಿ, ಗುಂಟೂರು ಅಂತ ತಳಿಯ ಹೆಸರು, ಚೀಲದ ಲೆಕ್ಕ, ರೇಟು. ಫೈಲಿನ ಹೆಸರು ತಾರೀಖು, ವರ್ಷ ಮೊದಲು: 2025-01-20. ದಿನವನ್ನು ಮುಂದಿಟ್ಟು ಬರೆದರೆ ಎಲ್‌ಎಸ್ ಎಲ್ಲ ತಿಂಗಳ 20ನೇ ತಾರೀಖನ್ನೂ ಒಂದೇ ಕಡೆ ಗುಡ್ಡೆ ಹಾಕುತ್ತದೆ. ವರ್ಷ ಮುಂದಿದ್ದರೆ ಪಟ್ಟಿ ತಾನಾಗಿಯೇ ದಿನದ ಸಾಲಿಗೆ ಬರುತ್ತದೆ.

ಕ್ಯಾಟ್ 2025-01-20

ಕ್ಯಾಟ್ ಅಂದರೆ ಬೆಕ್ಕಲ್ಲ, ಆದರೆ ಸ್ಪೆಲ್ಲಿಂಗ್ ಬೆಕ್ಕಿನದೇ. ಒಂದರ ಹಿಂದೆ ಒಂದು ಜೋಡಿಸು ಅನ್ನುವ ಇಂಗ್ಲಿಷ್ ಪದದ ತುಂಡು. ಎರಡು ಫೈಲಿನ ಹೆಸರು ಕೊಟ್ಟರೆ ಎರಡನ್ನೂ ಒಟ್ಟಿಗೆ ಸುರಿಯುತ್ತದೆ. ಹತ್ತಿಪ್ಪತ್ತು ಸಾಲಿನ ಫೈಲಿಗೆ ಇದು ಸಾಕು. ಸಾವಿರ ಸಾಲಿದ್ದರೆ ಪರದೆ ಸರ್ರನೆ ಓಡಿ ಕೊನೆಯದಷ್ಟೇ ಉಳಿಯುತ್ತದೆ.

ದೊಡ್ಡ ಫೈಲಿಗೆ ಲೆಸ್. ಹಿಂದೆ 'ಮೋರ್' ಅಂತ ಒಂದು ಆಜ್ಞೆ ಇತ್ತು, ಪುಟ ಪುಟವಾಗಿ ಮುಂದಕ್ಕೆ ತೋರಿಸುತ್ತಿತ್ತು. ಹಿಂದಕ್ಕೂ ಹೋಗಬೇಕು ಅಂತ 1980ರ ದಶಕದಲ್ಲಿ ಮಾರ್ಕ್ ನುಡೆಲ್ಮನ್ ಇದನ್ನು ಬರೆದರು. ಹೆಸರಿನಲ್ಲೇ ತಮಾಷೆ ಇದೆ. ಒಳಗೆ ಹೋದ ಮೇಲೆ ಸ್ಪೇಸ್ ಒತ್ತಿದರೆ ಮುಂದಿನ ಪುಟ, ಬಿ ಒತ್ತಿದರೆ ಹಿಂದಿನ ಪುಟ. ಓರೆಗೆರೆ ಹೊಡೆದು 'ಡಬ್ಬಿ' ಅಂತ ಬರೆದರೆ ಆ ಪದ ಇರುವ ಜಾಗಕ್ಕೆ ಹಾರುತ್ತದೆ, ಎನ್ ಒತ್ತಿದರೆ ಅದರ ಮುಂದಿನದಕ್ಕೆ. ಹೊರಗೆ ಬರಲು ಕ್ಯೂ. ಈ ಕ್ಯೂ ಗೊತ್ತಿಲ್ಲದೆ ಟರ್ಮಿನಲ್ಲನ್ನೇ ಮುಚ್ಚಿದವರು ಬಹಳ ಮಂದಿ, ನಾನೂ ಅವರಲ್ಲಿ ಒಬ್ಬ.

ಹೆಡ್ ಫೈಲಿನ ಮೊದಲ ಹತ್ತು ಸಾಲು ತೋರಿಸುತ್ತದೆ, ಟೇಲ್ ಕೊನೆಯ ಹತ್ತು. ಐದೇ ಸಾಕು ಅಂದರೆ 'ಹೆಡ್ -ಎನ್ 5'. 'ಟೇಲ್ -ಎಫ್' ಬೇರೆಯೇ ಮಜಾ. ಫೈಲಿಗೆ ಹೊಸ ಸಾಲು ಸೇರಿದ ಹಾಗೆಲ್ಲ ಪರದೆಯ ಮೇಲೂ ಬರುತ್ತಿರುತ್ತದೆ. ಸರ್ವರ್ ನೋಡಿಕೊಳ್ಳುವವರು ದಿನವಿಡೀ ಇದನ್ನೇ ದಿಟ್ಟಿಸುತ್ತಾರೆ.

ಗೆಳೆಯ ನಿಜಕ್ಕೂ ಕುರ್ಚಿ ಮುಂದಕ್ಕೆ ಎಳೆದುಕೊಂಡದ್ದು ಗ್ರೆಪ್ ತೋರಿಸಿದಾಗ.

ಗ್ರೆಪ್ ಡಬ್ಬಿ *

ನಕ್ಷತ್ರ ಅಂದರೆ ಇಲ್ಲಿರುವ ಎಲ್ಲ ಫೈಲು. ಡಬ್ಬಿ ಮೆಣಸಿನಕಾಯಿಯ ಹೆಸರಿರುವ ಸಾಲುಗಳೆಲ್ಲ, ಯಾವ ತಾರೀಖಿನ ಫೈಲಿನಲ್ಲಿವೆ ಅನ್ನುವುದರ ಜೊತೆಗೆ, ಒಂದರ ಕೆಳಗೊಂದು ಬಿದ್ದವು. ಇಡೀ ಹಂಗಾಮಿನ ಡಬ್ಬಿ ರೇಟು ಒಂದೇ ಪರದೆಯಲ್ಲಿ. "ಇದನ್ನ ಮೊದ್ಲ ಹೇಳಬೇಕಿತ್ತಲ್ಲೋ" ಅಂತ ನನಗೇ ಬೈದ.

ಗ್ರೆಪ್‌ಗೆ ಕನ್ನಡ ಅರ್ಥವಾಗುತ್ತದಾ ಅಂತ ಕೆಲವರು ಕೇಳುತ್ತಾರೆ. ಫೈಲು ಯೂನಿಕೋಡ್‌ನಲ್ಲಿದ್ದರೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿಯಲ್ಲಿದ್ದರೆ, ಖಂಡಿತ. ಗದಗಿನ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಇರುವಂಥ, ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಉಳಿಸಿದ ಫೈಲು ಕೊಟ್ಟರೆ ಕ್ಯಾಟ್ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ ಬಡಿಸುತ್ತದೆ. ಫೈಲು ಕೆಟ್ಟಿಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಚಿತ್ರ ಹೊದಿಸುತ್ತಿದ್ದವು, ಟರ್ಮಿನಲ್‌ನಲ್ಲಿ ಆ ಹೊದಿಕೆ ಇಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ವರ್ಡ್, ಪಿಡಿಎಫ್ ಫೈಲಿಗೂ ಕ್ಯಾಟ್ ಹಾಕಬೇಡಿ. ಅವು ಬರೀ ಟೆಕ್ಸ್ಟ್ ಅಲ್ಲ, ಟರ್ಮಿನಲ್‌ನ ಅಕ್ಷರಗಳೇ ಅಡ್ಡಾದಿಡ್ಡಿ ಆದಾವು. ಹಾಗೇನಾದರೂ ಆದರೆ 'ರಿಸೆಟ್' ಅಂತ ಹೊಡೆಯಿರಿ. ಯಾವ ಜಾತಿಯ ಫೈಲು ಅಂತ ಮೊದಲೇ ತಿಳಿಯಲು 'ಫೈಲ್' ಅನ್ನುವ ಆಜ್ಞೆಯೇ ಇದೆ.

ಯೂನಿಕೋಡ್ ಇದ್ದರೂ ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಅದು ಕಾಣಿಸುವುದರ ತೊಂದರೆ, ಒಳಗಿನ ಅಕ್ಷರ ಸರಿಯಾಗಿಯೇ ಇರುತ್ತದೆ. ಎಣಿಸಿ ನೋಡುವ ಆಸೆ ಇದ್ದರೆ ಡಬ್ಲ್ಯೂಸಿ ಇದೆ. ಹುಬ್ಬಳ್ಳಿ ಅಂತ ಒಂದೇ ಪದ ಇರುವ ಫೈಲಿಗೆ 'ಡಬ್ಲ್ಯೂಸಿ -ಸಿ' ಹಾಕಿದರೆ 28 ಬರುತ್ತದೆ. ಕಣ್ಣಿಗೆ ಮೂರೇ ಅಕ್ಷರ, ಅಲ್ವಾ? ಆದರೆ ವ್ಯಂಜನ, ಗುಣಿತದ ಚಿಹ್ನೆ, ಒತ್ತಿನ ಹಿಂದಿನ ಅರ್ಧಾಕ್ಷರದ ಗುರುತು ಎಲ್ಲ ಬಿಡಿಸಿದರೆ ಒಂಬತ್ತು. ಈ ಆಜ್ಞೆ ಎಣಿಸುವುದು ಬೈಟ್, ಅಂದರೆ ಫೈಲು ಹಿಡಿಯುವ ಜಾಗದ ಸಣ್ಣ ಅಳತೆ. ಒಂದೊಂದಕ್ಕೆ ಮೂರು ಬೈಟ್, ಸಾಲು ಮುಗಿದದ್ದಕ್ಕೆ ಇನ್ನೊಂದು. ಫೈಲಿನ ಹೆಸರು ಸಾಮಾನ್ಯವಾಗಿ 255 ಬೈಟ್ ದಾಟುವಂತಿಲ್ಲ. ಅಂದರೆ ಕನ್ನಡದಲ್ಲಿ ಇಂಥ 85 ತುಂಡು. ಲಗ್ನಪತ್ರಿಕೆಯ ಫೈಲಿಗೆ ವರ, ವಧು, ಎರಡೂ ಮನೆತನದ ಹೆಸರು ಸೇರಿಸುವವರು ನೆನಪಿಡಿ.

ಇನ್ನು ಮಾಡುವ ಆಜ್ಞೆಗಳು. ಹೊಸ ಡೈರೆಕ್ಟರಿಗೆ ಎಂಕೆಡಿರ್. ಎಂ, ಕೆ, ಡಿ, ಐ, ಆರ್. ಒಳಗೊಳಗೆ ಒಂದೇ ಸಲ ಬೇಕಿದ್ದರೆ -ಪಿ ಸೇರಿಸಿ:

ಎಂಕೆಡಿರ್ -ಪಿ ಮಾರ್ಕೆಟ್/2025/ಜನವರಿ

ಖಾಲಿ ಫೈಲಿಗೆ ಟಚ್, ಬರೆಯುವುದಕ್ಕೆ ನ್ಯಾನೊ. ನ್ಯಾನೊದಲ್ಲಿ ಉಳಿಸಲು ಕಂಟ್ರೋಲ್-ಓ, ಹೊರಗೆ ಬರಲು ಕಂಟ್ರೋಲ್-ಎಕ್ಸ್. ಪರದೆಯ ಕೆಳಗೇ ಬರೆದಿರುತ್ತದೆ, ಬಾಯಿಪಾಠ ಬೇಡ. ಹೆಸರಿನ ನಡುವೆ ಜಾಗ ಬಿಡಬೇಡಿ. 'ಲಗ್ನ ಪತ್ರಿಕೆ' ಅಂದರೆ ಅದು ಲಗ್ನ ಒಂದು ಫೈಲು, ಪತ್ರಿಕೆ ಇನ್ನೊಂದು ಅಂದುಕೊಳ್ಳುತ್ತದೆ. ಜಾಗ ಬೇಕೇ ಬೇಕು ಅಂದರೆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ.

ನಕಲು ಮಾಡಲು ಸಿಪಿ. ಮೊದಲು ಯಾವುದನ್ನು, ಆಮೇಲೆ ಎಲ್ಲಿಗೆ. ಡೈರೆಕ್ಟರಿ ನಕಲಿಗೆ 'ಸಿಪಿ -ಆರ್'. ಸಾಗಿಸಲು ಎಂವಿ. ಹೆಸರು ಬದಲಿಸಲೂ ಇದೇ ಎಂವಿ. ಒಂದೇ ಆಜ್ಞೆಗೆ ಈ ಎರಡು ಕೆಲಸ ಇರುವುದರಿಂದಲೇ ನಾನು ಒಮ್ಮೆ ಕೈ ಸುಟ್ಟುಕೊಂಡೆ.

ಗದಗಿನಲ್ಲಿ ಪರಿಚಯದವರ ಪ್ರೆಸ್‌ನಲ್ಲಿ ಮೂರು ಲಗ್ನಪತ್ರಿಕೆಯ ಒಕ್ಕಣೆ ಇದ್ದ ಫೈಲುಗಳನ್ನು 'ಹಳೇದು' ಅನ್ನುವ ಡೈರೆಕ್ಟರಿಗೆ ಸಾಗಿಸುತ್ತಿದ್ದೆ. ಒಂದಾದ ಮೇಲೆ ಒಂದು, ಮೂರು ಸಲ ಎಂವಿ. ಯಾವ ತಪ್ಪೂ ತೋರಿಸಲಿಲ್ಲ. ಆಮೇಲೆ ನೋಡಿದರೆ 'ಹಳೇದು' ಅನ್ನುವ ಡೈರೆಕ್ಟರಿಯೇ ಅಲ್ಲಿ ಇರಲಿಲ್ಲ. ಮಾಡಿಕೊಳ್ಳುವುದನ್ನೇ ಮರೆತಿದ್ದೆ. ಹಾಗಾಗಿ ಮೊದಲ ಫೈಲಿನ ಹೆಸರು 'ಹಳೇದು' ಆಯಿತು. ಎರಡನೆಯದು ಅದೇ ಹೆಸರು ತೊಟ್ಟು ಮೊದಲನೆಯದನ್ನು ನುಂಗಿತು. ಮೂರನೆಯದು ಎರಡನೆಯದನ್ನು. ಉಳಿದದ್ದು ಒಂದೇ ಮದುವೆ. ಉಳಿದೆರಡನ್ನು ಪ್ರೂಫ್ ಕಾಗದ ನೋಡಿ ರಾತ್ರಿ ಹತ್ತರವರೆಗೆ ಮತ್ತೆ ಟೈಪ್ ಮಾಡಿಕೊಟ್ಟೆ.

ಅಂದಿನಿಂದ ಎರಡು ಅಭ್ಯಾಸ. ಡೈರೆಕ್ಟರಿಯ ಹೆಸರಿನ ಕೊನೆಗೆ ಓರೆಗೆರೆ ಹಾಕುತ್ತೇನೆ: 'ಹಳೇದು/'. ಆಗ ಆ ಡೈರೆಕ್ಟರಿ ಇಲ್ಲದಿದ್ದರೆ ಎಂವಿ ಕೆಲಸ ನಿಲ್ಲಿಸಿ ತಪ್ಪು ಹೇಳುತ್ತದೆ. ಎರಡನೆಯದು -ಐ. 'ಎಂವಿ -ಐ' ಅಥವಾ 'ಸಿಪಿ -ಐ' ಅಂದರೆ ಇರುವ ಫೈಲಿನ ಮೇಲೆ ಬರೆಯುವ ಮೊದಲು ಕೇಳುತ್ತದೆ. ಹೌದು ಅಂದರೆ ವೈ, ಬೇಡ ಅಂದರೆ ಎನ್.

ಕೊನೆಗೆ ಆರ್‌ಎಂ. ಇದರ ಹೆಸರು ಹೇಳುವಾಗ ಗೆಳೆಯ ಇನ್ನೂ ದನಿ ತಗ್ಗಿಸುತ್ತಾನೆ. ಖಾಲಿ ಡೈರೆಕ್ಟರಿ ತೆಗೆಯಲು ಆರ್‌ಎಂಡಿರ್ ಇದೆ. ಅದು ಸಾಧು. ಒಳಗೆ ಒಂದು ಫೈಲಿದ್ದರೂ ಒಲ್ಲೆ ಅನ್ನುತ್ತದೆ. ಆರ್‌ಎಂ ಹಾಗಲ್ಲ, ಹೇಳಿದ್ದನ್ನು ಮಾಡಿ ಸುಮ್ಮನಾಗುತ್ತದೆ. 'ಆರ್‌ಎಂ -ಆರ್' ಡೈರೆಕ್ಟರಿಯ ಜೊತೆಗೆ ಅದರ ಒಳಗಿನದನ್ನೆಲ್ಲ ತೆಗೆಯುತ್ತದೆ.

2024ರ ಫೈಲುಗಳನ್ನೆಲ್ಲ ತೆಗೆಯಬೇಕು ಅಂತಿಟ್ಟುಕೊಳ್ಳಿ. ಮೊದಲು ಹೀಗೆ ಹೊಡೆಯಿರಿ:

ಎಲ್‌ಎಸ್ 2024*

ಬಂದ ಪಟ್ಟಿಯನ್ನು ಓದಿ. ಸರಿ ಇದ್ದರೆ ಮೇಲಿನ ಬಾಣ ಒತ್ತಿ, ಎಲ್‌ಎಸ್ ಇದ್ದ ಜಾಗದಲ್ಲಿ 'ಆರ್‌ಎಂ -ಐ' ಬರೆಯಿರಿ. ಉಳಿದದ್ದನ್ನು ಮುಟ್ಟಬೇಡಿ. ಮತ್ತೆ ಟೈಪ್ ಮಾಡಲು ಹೋದರೆ 2024 ಮತ್ತು ನಕ್ಷತ್ರದ ನಡುವೆ ಒಂದು ಜಾಗ ನುಸುಳಿದರೂ ಸಾಕು. 2024 ಅನ್ನುವ ಫೈಲು, ಆಮೇಲೆ ಇಲ್ಲಿರುವುದೆಲ್ಲ ಅಂತ ಅರ್ಥವಾಗುತ್ತದೆ. ಇಂಟರ್ನೆಟ್ಟಿನಲ್ಲಿ ಯಾರೋ ಕೊಟ್ಟ 'ಸುಡೊ ಆರ್‌ಎಂ' ಅಂತ ಶುರುವಾಗುವ ಸಾಲನ್ನು ಅರ್ಥ ತಿಳಿಯದೆ ಹೊಡೆಯಲೇಬೇಡಿ. ಸುಡೊ ಅಂದರೆ ಇಡೀ ಯಂತ್ರದ ಯಜಮಾನಿಕೆ.

ಕೈ ಪಳಗಲು ಗೆಳೆಯ ಮಾಡಿದ ಹಾಗೆ ಮಾಡಿ. 'ಸಿಪಿ -ಆರ್ ಮಾರ್ಕೆಟ್ ಆಟ' ಅಂತ ಎಲ್ಲದರ ನಕಲು ತೆಗೆದು, 'ಸಿಡಿ ಆಟ' ಅಂತ ಒಳಗೆ ಹೋಗಿ ಬೇಕಾದ್ದು ಕೆಡವಿ ಕಟ್ಟಿ. ಸಾಕಾದ ಮೇಲೆ 'ಸಿಡಿ ..' ಅಂತ ಹೊರಗೆ ಬಂದು, ಒಮ್ಮೆ ಪಿಡಬ್ಲ್ಯೂಡಿ ನೋಡಿ, 'ಆರ್‌ಎಂ -ಆರ್‌ಐ ಆಟ' ಅನ್ನಿ. ಒಂದೊಂದೇ ಫೈಲಿನ ಹೆಸರು ಹೇಳಿ ತೆಗೆಯಲಾ ಅಂತ ಕೇಳುತ್ತಾ ಹೋಗುತ್ತದೆ. ಗೆಳೆಯ ಮೊದಲ ಸಲ ಅಷ್ಟಕ್ಕೂ ವೈ ಒತ್ತಿ, ಕೊನೆಯ ಪ್ರಶ್ನೆಗೆ ಬಂದಾಗ ಎದ್ದು ಹೋಗಿ ಚಹಾ ಕುಡಿದು ಬಂದ.