‘ದೇವರು ಸೃಷ್ಟಿ ಮಾಡಿದ್ದಲ್ವಾ ಮಿಸ್?’ ಎಂದು ಕ್ಲಾಸಿನಲ್ಲಿ ಕೇಳಿದರೆ

ಹತ್ತನೇ ಕ್ಲಾಸಿಗೆ ಜೀವಶಾಸ್ತ್ರ ಹೇಳಿಕೊಡುವ ನನಗೆ, ಜೀವಿಗಳು ತಲೆಮಾರುಗಳ ಮೇಲೆ ನಿಧಾನವಾಗಿ ಬದಲಾಗುತ್ತ ಬಂದವು ಅನ್ನುವ ವಿಕಾಸದ ಮಾತು ಎತ್ತಿದಾಗ ಈ ಪ್ರಶ್ನೆ ಪ್ರತಿ ವರ್ಷ ಎದುರಾಗುತ್ತದೆ. ಹಿಂದೆಯೇ ಪೋಷಕರಿಂದ ಒಂದು ಸಲಹೆಯೂ ಬರುತ್ತದೆ: “ವಿಕಾಸ, ಸೃಷ್ಟಿ ಎರಡನ್ನೂ ಹೇಳಿಬಿಡಿ, ಯಾವುದು ಸರಿ ಅಂತ ಮಕ್ಕಳೇ ನೋಡಿಕೊಳ್ಳಲಿ.” ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ವಿಜ್ಞಾನದ ಪೀರಿಯಡ್‌ನಲ್ಲಿ ಹಾಗೆ ಮಾಡುವುದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಹೊಸದಾಗಿ ಪಾಠಕ್ಕೆ ಇಳಿದಿರುವ ಟೀಚರ್‌ಗಳಿಗಾಗಿ ನನ್ನ ಕ್ರಮ ಬರೆಯುತ್ತಿದ್ದೇನೆ.

ಮೊದಲು, ಕೇಳಿದ ಮಗುವನ್ನು ನೋಡಿ ಯಾರೂ ನಗದ ಹಾಗೆ ನೋಡಿಕೊಳ್ಳಿ. ಮನೆಯಲ್ಲಿ ಅಜ್ಜಿ ಹೇಳಿದ್ದನ್ನು ನಂಬಿ ಬಂದಿರುವ ಮಗು ಅದು. ಬೋರ್ಡಿನ ಮಧ್ಯೆ ಗೆರೆ ಎಳೆದು, ಒಂದು ಕಡೆ ವಿಕಾಸ, ಇನ್ನೊಂದು ಕಡೆ ಸೃಷ್ಟಿ ಅಂತ ಬರೆದು ಇಡೀ ಕ್ಲಾಸಿಗೆ ಒಂದೇ ಪ್ರಶ್ನೆ ಹಾಕಿ: “ಈ ಮಾತು ಸುಳ್ಳು ಅಂತ ಗೊತ್ತಾಗಬೇಕಾದರೆ ನಮಗೆ ಏನು ಸಿಗಬೇಕು?” ವಿಕಾಸದ ಕಡೆ ಉತ್ತರ ಬೇಗ ತುಂಬುತ್ತದೆ. ಮೀನುಗಳೇ ಹುಟ್ಟಿರದ ಕಾಲದ ಬಂಡೆಯಲ್ಲಿ ಮೊಲದ ಮೂಳೆ ಸಿಕ್ಕರೆ ಸಾಕು, ಡಾರ್ವಿನ್ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾನೆ. ಸೃಷ್ಟಿಯ ಕಡೆ ಖಾಲಿ ಉಳಿಯುತ್ತದೆ, ಏನು ಸಿಕ್ಕರೂ ‘ದೇವರು ಹಾಗೇ ಮಾಡಿದ’ ಅನ್ನಬಹುದು. ಇಲ್ಲಿ ಒಂದು ಮಾತು ಮರೆಯದೆ ಸೇರಿಸಿ. ದೇವರಿಲ್ಲ ಅಂತ ಇದರ ಅರ್ಥವಲ್ಲ. ಆ ನಂಬಿಕೆಯನ್ನು ಪರೀಕ್ಷೆ ಮಾಡುವ ದಾರಿ ವಿಜ್ಞಾನದಲ್ಲಿ ಇಲ್ಲ, ಅಷ್ಟೇ.

ಮಾತು ಅಲ್ಲಿಗೇ ನಿಲ್ಲಿಸಬೇಡಿ, ಕೈಗೆ ಸಿಗುವ ಸಾಕ್ಷಿ ಕೊಡಿ. ಸಂತೆಯಿಂದ ಎಲೆಕೋಸು, ಹೂಕೋಸು, ನವಿಲುಕೋಸು ತನ್ನಿ. ನವಿಲುಕೋಸನ್ನು ಎಲೆ ಸಮೇತ ಕೊಳ್ಳಿ. ಮಕ್ಕಳು ಅದನ್ನು ಗೆಡ್ಡೆ ಅಂದುಕೊಂಡಿರುತ್ತಾರೆ. ಮೈಸುತ್ತ ಇರುವ ಎಲೆ ಉದುರಿದ ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡಲಿ, ಅದು ಉಬ್ಬಿದ ಕಾಂಡ ಅಂತ ಅವರಿಗೇ ಹೊಳೆಯುತ್ತದೆ. ಈ ಮೂರೂ ಒಂದೇ ಜಾತಿಯ ಕಾಡುಕೋಸಿನಿಂದ ಬಂದವು. ಒಂದು ಕಡೆ ರೈತರು ಎಲೆ ಒತ್ತಾದ ಗಿಡದ ಬೀಜ ಉಳಿಸಿಕೊಂಡರು, ಇನ್ನೊಂದು ಕಡೆ ಹೂವಿನ ಗೊಂಚಲು ದಪ್ಪಗಿದ್ದದ್ದು, ಮತ್ತೊಂದು ಕಡೆ ಕಾಂಡ ಉಬ್ಬಿದ್ದು. “ಅದು ಮನುಷ್ಯ ಆರಿಸಿದ್ದು ಮಿಸ್, ಕಾಡಲ್ಲಿ ಯಾರು ಆರಿಸ್ತಾರೆ?” ಅಂತ ಒಬ್ಬರಾದರೂ ಕೇಳುತ್ತಾರೆ. ಅದೇ ಬೇಕಾದ ಪ್ರಶ್ನೆ. ಬರ, ರೋಗ, ಶತ್ರುಗಳು ಆ ಕೆಲಸ ಮಾಡುತ್ತವೆ ಅನ್ನಿ. ಡಿಡಿಟಿ ಕೀಟನಾಶಕ ಹೊಡೆದರೂ ಸಾಯದ ಸೊಳ್ಳೆಗಳ ಕಥೆ ಹೇಳಿ: ಬದುಕುಳಿದ ಕೆಲವೇ ಸೊಳ್ಳೆಗಳು ಮರಿ ಮಾಡಿ ಅಂಥವೇ ಹೆಚ್ಚಾದವು.

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಇದೆ. ಭೂವಿಜ್ಞಾನಿ ಎ. ರಂಗರಾವ್ ಜಮ್ಮು ಕಾಶ್ಮೀರದ ಕಾಲಾಕೋಟ್ ಹತ್ತಿರ ಬಂಡೆಗಳನ್ನು ಕಲೆಹಾಕಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಅವನ್ನು ಹ್ಯಾನ್ಸ್ ಥೆವಿಸೆನ್ ಎಂಬ ವಿಜ್ಞಾನಿಗೆ ಕೊಟ್ಟರು. ಒಳಗಿದ್ದದ್ದು ಸುಮಾರು 4.8 ಕೋಟಿ ವರ್ಷ ಹಿಂದಿನ, ಗೊರಸಿದ್ದ ಪುಟ್ಟ ಪ್ರಾಣಿ ಇಂಡೋಹಯಸ್. ಅದರ ಕಿವಿಯ ಮೂಳೆಯ ಒಂದು ಅಂಚು ತಿಮಿಂಗಿಲಗಳಲ್ಲಿ ಇರುವ ಹಾಗೆ ದಪ್ಪಗಿತ್ತು, ಅಂದರೆ ಅದು ತಿಮಿಂಗಿಲಗಳ ಹತ್ತಿರದ ಸಂಬಂಧಿ. 2007ರಲ್ಲಿ ಇದು ಪ್ರಕಟವಾಯಿತು. ಈ ಕಥೆ ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ದಶಾವತಾರದ ವಿಷಯದಲ್ಲಿ ಹುಷಾರು. ‘ಮತ್ಸ್ಯ, ಕೂರ್ಮ, ವರಾಹ, ಇದೇ ವಿಕಾಸ ಅಲ್ವಾ’ ಅಂತ ಯಾರಾದರೂ ಅಂದರೆ ತಲೆಯಾಡಿಸಿ ಪಾಠ ಸುಲಭ ಮಾಡಿಕೊಳ್ಳುವ ಆಸೆ ಆಗುತ್ತದೆ. ಬೇಡ. ಅವತಾರ ಎತ್ತುವುದು ಒಬ್ಬನೇ ವಿಷ್ಣು, ಒಂದೊಂದು ಕಾರಣಕ್ಕೆ. ವಿಕಾಸದಲ್ಲಿ ಗುರಿ ಇಟ್ಟುಕೊಂಡು ಬರುವವರು ಯಾರೂ ಇಲ್ಲ. ಎರಡನ್ನೂ ಬೆರೆಸಿದರೆ ಪುರಾಣಕ್ಕೂ ಮೋಸ, ಪಾಠಕ್ಕೂ ಮೋಸ. ‘ಹಾಗಾದರೆ ಮಂಗಗಳು ಇನ್ನೂ ಯಾಕಿವೆ?’ ಅಂದರೆ, ಅವು ನಮ್ಮ ಅಜ್ಜಂದಿರಲ್ಲ, ದೊಡ್ಡಪ್ಪನ ಮಕ್ಕಳ ಹಾಗೆ ಅನ್ನಿ.

‘ಎರಡೂ ಹೇಳಿ’ ಅನ್ನುವ ದೊಡ್ಡವರಿಗೆ ಅಮೆರಿಕದ ಡೋವರ್ ಊರಿನ ಕೇಸು ಹೇಳಿ. ವಿಕಾಸದ ಪಾಠಕ್ಕೆ ಮುಂಚೆ, ಜೀವಿಗಳ ಹಿಂದೆ ಒಬ್ಬ ಬುದ್ಧಿವಂತ ವಿನ್ಯಾಸಕಾರ ಇದ್ದಾನೆ ಎಂಬ ವಾದವನ್ನೂ ಒಂದು ಹೇಳಿಕೆಯಲ್ಲಿ ಮಕ್ಕಳಿಗೆ ತಿಳಿಸಬೇಕು ಅಂತ 2004ರಲ್ಲಿ ಅಲ್ಲಿನ ಶಾಲಾ ಮಂಡಳಿ ಆದೇಶ ಮಾಡಿತು. ವಿಜ್ಞಾನದ ಟೀಚರ್‌ಗಳು ನಾವು ಓದಲ್ಲ ಅಂದರು. ಆಡಳಿತದವರೇ ಕ್ಲಾಸಿಗೆ ಬಂದು ಓದಬೇಕಾಯಿತು. ಹನ್ನೊಂದು ಪೋಷಕರು ಕೋರ್ಟಿಗೆ ಹೋದರು. ಆ ವಾದವನ್ನು ಬೆಂಬಲಿಸಲು ಸಾಕ್ಷಿಯಾಗಿ ಬಂದ ವಿಜ್ಞಾನಿ ಮೈಕೆಲ್ ಬೀಹಿ, ತಮ್ಮ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತ ಆಗುತ್ತದೆ ಅಂತ ಪಾಟೀಸವಾಲಿನಲ್ಲಿ ಒಪ್ಪಿಕೊಂಡರು. 2005ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್, ಇದು ವಿಜ್ಞಾನವಲ್ಲ ಅಂತ ತೀರ್ಪು ಕೊಟ್ಟರು. ಆ ಟೀಚರ್‌ಗಳ ಧೈರ್ಯ ನನಗೆ ತುಂಬಾ ದೊಡ್ಡದು.

ಇನ್ನು ಸಮಯದ ವಿಷಯ. ಮೇಲೆ ಹೇಳಿದ ಕೋಸಿನ ಉದಾಹರಣೆ ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸಿನ ಪುಸ್ತಕದಲ್ಲೇ ಇತ್ತು. ಆಮೇಲೆ ವಿಕಾಸದ ಭಾಗವನ್ನು ತೆಗೆದರು, 2023ರ ಹೊಸ ಪುಸ್ತಕದಲ್ಲಿ ಆ ಅಧ್ಯಾಯ ಬರೀ ‘ಅನುವಂಶೀಯತೆ’ ಆಯಿತು. 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ವಿರೋಧಿಸಿದರು. ಹನ್ನೆರಡನೇ ಕ್ಲಾಸಿನ ಜೀವಶಾಸ್ತ್ರದಲ್ಲಿ ಪಾಠ ಇದೆ ನಿಜ, ಆದರೆ ಕಾಮರ್ಸ್‌ಗೆ, ಆರ್ಟ್ಸ್‌ಗೆ ಹೋಗುವ ಮಕ್ಕಳಿಗೆ ಅದು ಸಿಗುವುದಿಲ್ಲ. ಹಾಗಾಗಿ ಅನುವಂಶೀಯತೆಯ ಪಾಠದಲ್ಲಿ ಮೆಂಡೆಲ್‌ನ ಬಟಾಣಿ ಪ್ರಯೋಗ ಮುಗಿದ ಕೂಡಲೇ, ರಿವಿಷನ್‌ಗೆ ಮುಂಚೆ, ಎರಡು ಪೀರಿಯಡ್ ಎತ್ತಿಟ್ಟುಕೊಳ್ಳಿ. ಪರೀಕ್ಷೆಗೆ ಬರಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ. ನೋಟ್ಸ್ ಬರೆಸಬೇಡಿ, ಪ್ರಶ್ನೆ ಕೇಳೋಕೆ ಬಿಡಿ.