ಸಕ್ಕರೆ ಕಾಯಿಲೆ ಇದ್ದವರ ಪಾದ: ದಿನಾ ನೋಡಬೇಕಾದ್ದು, ವರ್ಷಕ್ಕೊಮ್ಮೆ ತೋರಿಸಬೇಕಾದ್ದು

ನೋಯುವ ಕಾಲಿಗಿಂತ ನೋಯದ ಕಾಲಿನ ಬಗ್ಗೆಯೇ ಹೆಚ್ಚು ಹುಷಾರಾಗಿರಬೇಕು. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಸೊರಗುತ್ತವೆ. ಹಲವರಿಗೆ ಮೊದಲು ಜೋಮು, ಉರಿ. ಆಮೇಲೆ ಸ್ಪರ್ಶವೇ ತಿಳಿಯದು. ಚಳ್ಳಕೆರೆ, ಹಿರಿಯೂರು ಕಡೆ ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯನ್ನೇ ತೂರಿ ಬರುತ್ತದೆ. ಅದರ ತುದಿ ಪಾದದೊಳಗೆ ಮುರಿದು ಕೂತರೂ ಇಂಥವರಿಗೆ ಗೊತ್ತಾಗುವುದಿಲ್ಲ, ಕೀವು ಬಂದಾಗಲೇ ತಿಳಿಯುವುದು.

ಹಾಗಾಗಿ ದಿನಾ ರಾತ್ರಿ ಮಲಗುವ ಮುಂಚೆ, ಒಳ್ಳೆ ಬೆಳಕಿನಲ್ಲಿ ಎರಡೂ ಪಾದ ನೋಡಿ. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯಿರಿ. ಕಣ್ಣು ಮಂಜಾಗಿದ್ದರೆ ಮನೆಯವರಿಗೆ ತೋರಿಸಿ. ಗುಳ್ಳೆ, ಬಿರುಕು, ಕೆಂಪು, ಬಣ್ಣ ಬದಲಾದ ಉಗುರು, ಒಂದು ಪಾದ ಇನ್ನೊಂದಕ್ಕಿಂತ ಬಿಸಿ ಇರುವುದು, ಇವನ್ನು ಹುಡುಕಿ. ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಲೇಬೇಕು. ಭದ್ರಾ ನಾಲೆಯ ಗದ್ದೆಗಳಲ್ಲಿ ದಿನವಿಡೀ ಕೆಸರಲ್ಲಿ ನಿಲ್ಲುವವರಿಗೆ ಅಲ್ಲಿ ಚರ್ಮ ಬೆಳ್ಳಗೆ ನೆನೆದು ಬಿರಿಯುತ್ತದೆ, ಸೋಂಕು ಒಳಹೋಗುವುದು ಆ ಬಿರುಕಿನಿಂದಲೇ.

ಚಪ್ಪಲಿ, ಬೂಟು ಹಾಕುವ ಮುನ್ನ ಕೊಡವಿ, ಒಳಗೆ ಜೋಪಾನವಾಗಿ ಕೈಯಾಡಿಸಿ. ಹವಾಯಿ ಚಪ್ಪಲಿಯಾದರೆ ಎರಡೂ ಕೈಯಿಂದ ಬಗ್ಗಿಸಿ ನೋಡಿ: ಸಪಾಟಾಗಿದ್ದಾಗ ಅಡಗಿರುವ ಮುಳ್ಳು ಅಟ್ಟೆ ಬಗ್ಗಿದಾಗ ತಲೆ ಹಾಕುತ್ತದೆ. ಹೊಲಕ್ಕೆ ಹೋಗುವವರು ದಪ್ಪ ಅಟ್ಟೆಯ, ಮುಂದೆ ಮುಚ್ಚಿದ, ಹಿಂದೆ ಪಟ್ಟಿ ಇರುವ ಚಪ್ಪಲಿಗೆ ಬದಲಾಗುವುದು ಒಳ್ಳೆಯದು. ಕೊಳ್ಳುವುದಾದರೆ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಉದ್ದನೆಯ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು.

ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ಬಿಸಿಯನ್ನು ಮೊಣಕೈಯಲ್ಲಿ ನೋಡಿ, ಪಾದದಿಂದ ಬೇಡ. ನೆನೆಹಾಕುವುದೂ ಬೇಡ. ಒರೆಸಿದ ಮೇಲೆ ಹಿಮ್ಮಡಿ, ಅಂಗಾಲಿಗೆ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿಗೆ ಬ್ಲೇಡು ಮುಟ್ಟಿಸಲೇಬಾರದು. ಮೆಡಿಕಲ್ ಸ್ಟೋರಿನ ಆಣಿ ಪಟ್ಟಿಯೂ ಬೇಡ, ಅದರಲ್ಲಿರುವ ಆಮ್ಲ ಸುತ್ತಲಿನ ಒಳ್ಳೆ ಚರ್ಮವನ್ನೂ ಸುಡುತ್ತದೆ.

ಮಾರ್ಚ್ ಹೊತ್ತಿಗೆ ನಾಯಕನಹಟ್ಟಿ ಜಾತ್ರೆ ಬರುತ್ತದೆ, ಬಿಸಿಲೂ ಏರಿರುತ್ತದೆ. ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದರೆ ಸ್ಪರ್ಶವಿಲ್ಲದ ಪಾದ ಬೊಬ್ಬೆ ಏಳುವವರೆಗೂ ಎಚ್ಚರಿಸುವುದಿಲ್ಲ. ಹರಕೆ ಇದ್ದರೆ ಬೆಳಗಿನ ಜಾವ ಹೋಗಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ.

ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪಾದ ತೋರಿಸಬೇಕು. ಸ್ಪರ್ಶ ಕಡಿಮೆಯಾಗಿದ್ದರೆ 6ರಿಂದ 12 ತಿಂಗಳಿಗೊಮ್ಮೆ, ಅದರ ಜೊತೆ ರಕ್ತಸಂಚಾರವೂ ಕುಗ್ಗಿದ್ದರೆ ಅಥವಾ ಪಾದದ ಆಕಾರ ಬದಲಾಗಿದ್ದರೆ 3ರಿಂದ 6 ತಿಂಗಳಿಗೊಮ್ಮೆ, ಹಿಂದೆ ಹುಣ್ಣಾಗಿದ್ದರೆ 1ರಿಂದ 3 ತಿಂಗಳಿಗೊಮ್ಮೆ. ದಾವಣಗೆರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗಳಲ್ಲಿ ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ) ವಿಭಾಗ ಕೇಳಿ. ಬಿಪಿ, ಶುಗರ್ ನೋಡಿಸಿ ಹಾಗೇ ಎದ್ದು ಬರಬೇಡಿ, ಚಪ್ಪಲಿ ಬಿಟ್ಟು ಪಾದ ಮುಂದಿಡಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ ಸ್ಪರ್ಶ ಪರೀಕ್ಷಿಸುತ್ತಾರೆ, ಪಾದದ ನಾಡಿ ಹಿಡಿದು ರಕ್ತಸಂಚಾರ ನೋಡುತ್ತಾರೆ. ಬೀಡಿ ಸೇದುತ್ತಿದ್ದರೆ ಮುಚ್ಚಿಡದೆ ಹೇಳಿ, ಅದು ಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತದೆ.

ಗಾಯ ಕಂಡರೆ ಶುದ್ಧ ನೀರಿನಲ್ಲಿ ತೊಳೆದು, ಒಣ ಗಾಜ್ ಬಟ್ಟೆ ಸುತ್ತಿ, ಅದೇ ದಿನ ವೈದ್ಯರ ಹತ್ತಿರ ಹೋಗಿ. ಸುಣ್ಣ, ಕಾಫಿಪುಡಿ, ಸೊಪ್ಪಿನ ರಸ ಹಚ್ಚಬೇಡಿ. ಗಾಯವೇ ಇಲ್ಲದೆ ಒಂದು ಪಾದ ಊದಿ ಕೆಂಪಾಗಿ ಬಿಸಿಯಾದರೂ ತಡಮಾಡಬೇಡಿ. ಒಳಗೆ ಮೂಳೆ ಶಿಥಿಲವಾಗುತ್ತಿರಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದೂ ಉಂಟು. ವೈದ್ಯರು ಹೇಳುವವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿ.