ಹೊಸಬರಿಗೆ ಮಾರ್ಗದರ್ಶಿ: ಸಂಬಳದಲ್ಲಿ ಹಿಡಿದ ದುಡ್ಡು, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು, ಮತ್ತು ನಡುವೆ ಇರುವ ಕಾನೂನುಗಳು

ಅಮೆರಿಕದಲ್ಲಿ ಮೊದಲ ಸಂಬಳದ ಚೀಟಿ ನೋಡಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟೊಂದು ಯಾಕೆ ಹಿಡಿದಿದ್ದಾರೆ?" ತೆರಿಗೆಯ ಸಾಲಿನ ಕೆಳಗೆ 'ಫೈಕಾ' ಅಂತ ಇನ್ನೊಂದು ಕಡಿತ ಇತ್ತು. ಪಕ್ಕದ ಸೀಟಿನವರು ಅದು ಮುಪ್ಪಿನ ಕಾಲಕ್ಕೆ ಅಂದರು. ಓಹೋ, ನಮ್ಮ ಪಿಎಫ್ ಥರ, ಊರಿಗೆ ವಾಪಸ್ ಹೋಗುವಾಗ ಅರ್ಜಿ ಹಾಕಿ ತೆಗೆದುಕೊಳ್ಳಬಹುದು ಅಂದುಕೊಂಡೆ. ನಮ್ಮವರಿಗೂ ಹಾಗೇ ಹೇಳಿದೆ. ಅದು ಪೂರ್ತಿ ತಪ್ಪು. ನಮ್ಮ ಕನ್ನಡ ಕೂಟಕ್ಕೆ ಬರುವ ಹತ್ತು ಹೊಸ ಮನೆಗಳಲ್ಲಿ ಎಂಟು ಮನೆಯವರು ಈಗಲೂ ಹಾಗೇ ಅಂದುಕೊಂಡಿರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫೈಕಾ ಅಂದರೆ ಪಿಎಫ್ ಅಲ್ಲ

ನಿಮ್ಮ ಸಂಬಳದಿಂದ ಶೇ. 6.2 ಸೋಷಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಪಿಂಚಣಿಗೆ, ಶೇ. 1.45 ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಹೋಗುತ್ತದೆ. ಕಂಪನಿಯೂ ಅಷ್ಟೇ ಕಟ್ಟುತ್ತದೆ. ಆದರೆ ನಿಮ್ಮ ಹೆಸರಿನಲ್ಲಿ ಆ ಹಣ ಎಲ್ಲೂ ಕೂತಿರುವುದಿಲ್ಲ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಬ್ಯಾಂಕುಗಳು ಮುಳುಗಿದವು. ಜೀವನಪೂರ್ತಿ ದುಡಿದ ಮುದುಕರ ಉಳಿತಾಯ ನೀರಾಯಿತು. ಆಗ ಅಧ್ಯಕ್ಷ ರೂಸ್ವೆಲ್ಟ್ ಮತ್ತು ಕಾರ್ಮಿಕ ಕಾರ್ಯದರ್ಶಿ ಫ್ರಾನ್ಸಿಸ್ ಪರ್ಕಿನ್ಸ್ ಅನ್ನೋ ಗಟ್ಟಿ ಹೆಂಗಸು ಸೇರಿ ಸೋಷಿಯಲ್ ಸೆಕ್ಯುರಿಟಿ ಕಾನೂನು ತಂದರು. ಸಹಿ ಬಿದ್ದದ್ದು 1935ರ ಆಗಸ್ಟ್ 14ಕ್ಕೆ. 1937ರ ಜನವರಿಯಿಂದ ಸಂಬಳದಲ್ಲಿ ಹಿಡಿಯಲು ಶುರು ಮಾಡಿದರು. ತಿಂಗಳ ಪಿಂಚಣಿಯ ಮೊದಲ ಚೆಕ್ ಸಿಕ್ಕಿದ್ದು ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್ ಅವರಿಗೆ, 1940ರ ಜನವರಿ 31ರಂದು. 22 ಡಾಲರ್ 54 ಸೆಂಟ್. ಅವರು ಅಲ್ಲಿವರೆಗೆ ಕಟ್ಟಿದ್ದು ಬರೀ 24 ಡಾಲರ್ 75 ಸೆಂಟ್. ನೂರು ವರ್ಷ ಬಾಳಿದರು, ಒಟ್ಟು 22,888 ಡಾಲರ್ ಪಡೆದರು. ಆ ದುಡ್ಡು ಎಲ್ಲಿಂದ ಬಂತು? ಆಗ ದುಡಿಯುತ್ತಿದ್ದವರ ಸಂಬಳದಿಂದ. ಇವತ್ತಿಗೂ ಹಾಗೇ. ನೀವು ಕಟ್ಟಿದ್ದು ಈ ತಿಂಗಳೇ ಯಾರೋ ಹಿರಿಯರ ಕೈ ಸೇರುತ್ತದೆ. ನಿಮಗೆ ವಯಸ್ಸಾದಾಗ ಅಂದು ದುಡಿಯುವವರು ಕಟ್ಟುತ್ತಾರೆ.

ಪಿಂಚಣಿಯ ಅರ್ಹತೆಗೆ 40 ಕ್ರೆಡಿಟ್, ಅಂದರೆ ದುಡಿಮೆಯ ಅಂಕ, ಬೇಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಅಂದರೆ ಹತ್ತು ವರ್ಷದ ದುಡಿಮೆ. ನಮ್ಮ ಕೂಟದ ಒಂದು ಮನೆಯವರು ಒಂಬತ್ತೂವರೆ ವರ್ಷಕ್ಕೆ ಮೈಸೂರಿಗೆ ಹೊರಟರು. ಹೋದ ಮೇಲೆ ಗೊತ್ತಾಯಿತು, ಇನ್ನು ಎರಡು ಕ್ರೆಡಿಟ್ ಸಾಕಿತ್ತು ಅಂತ. ಎರಡು ದೇಶದ ದುಡಿಮೆಯನ್ನು ಕೂಡಿಸಿ ಲೆಕ್ಕ ಹಾಕುವ ಒಪ್ಪಂದ ಅಮೆರಿಕಕ್ಕೆ ಜರ್ಮನಿ, ಜಪಾನ್ ಜೊತೆ ಇದೆ. ನಾನು ಇದನ್ನು ಬರೆಯುವ ಹೊತ್ತಿಗೆ ಭಾರತದ ಜೊತೆ ಇಲ್ಲ. ದಯವಿಟ್ಟು ಟಿಕೆಟ್ ಬುಕ್ ಮಾಡುವ ಮುಂಚೆ ಕ್ರೆಡಿಟ್ ಎಣಿಸಿ.

ಇನ್ನೊಂದು ವಿಷಯ. ಇದನ್ನು ಎತ್ತಿದರೆ ನಮ್ಮವರು "ಬಿಡ್ತು ಅನ್ನಿ" ಅಂತ ಬಾಯಿ ಮುಚ್ಚಿಸುತ್ತಾರೆ. ದುಡಿಯುವವರು ತೀರಿಕೊಂಡರೆ 18 ವರ್ಷದೊಳಗಿನ ಮಕ್ಕಳಿಗೆ, 16 ವರ್ಷದೊಳಗಿನ ಮಗುವನ್ನು ಸಾಕುವ ಗಂಡ ಅಥವಾ ಹೆಂಡತಿಗೆ ತಿಂಗಳ ಹಣ ಬರುತ್ತದೆ. ಮಕ್ಕಳಿಗೂ ವಿಧವೆಯರಿಗೂ ಇದನ್ನು 1939ರ ತಿದ್ದುಪಡಿಯಲ್ಲೇ ತಂದರು. ಚಿಕ್ಕ ವಯಸ್ಸಿನವರಾದರೆ 40 ಕ್ರೆಡಿಟ್ ಬೇಕಿಲ್ಲ. ಕೊನೆಯ ಮೂರು ವರ್ಷದಲ್ಲಿ ಒಂದೂವರೆ ವರ್ಷದ ದುಡಿಮೆ ಇದ್ದರೂ ಮಕ್ಕಳಿಗೆ ಸಿಗಬಹುದು. ವೀಸಾದ ಷರತ್ತು ಅಡ್ಡ ಬರಬಹುದು, ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ಕೇಳಿ. ಬಿಡ್ತು ಅನ್ನಿ ಅಂದರೂ ಪರವಾಗಿಲ್ಲ, ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ.

1935ರ ಕಾನೂನು ಹೊಲದ ಕೂಲಿಯವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತ್ತು. ದಕ್ಷಿಣದ ಕಪ್ಪು ಜನರಲ್ಲಿ ಬಹಳಷ್ಟು ಮಂದಿ ಮಾಡುತ್ತಿದ್ದದ್ದು ಅದೇ ಕೆಲಸ. 1950ರ ದಶಕದಲ್ಲಿ ಅವರನ್ನು ಒಳಗೆ ತಂದರು. ನಮಗೇನು ಅಂತೀರಾ? ಮಗು ನೋಡಿಕೊಳ್ಳಲು ಮನೆಗೆ ಬರುವ ಹೆಂಗಸಿಗೆ ವರ್ಷದ ಮಿತಿ ದಾಟಿ ಸಂಬಳ ಕೊಟ್ಟರೆ ನೀವೇ ಆಕೆಯ ಫೈಕಾ ಕಟ್ಟಬೇಕು. ನಗದು ಕೈಗಿಟ್ಟು ಸುಮ್ನೆ ಇದ್ದರೆ ಆಕೆಯ ಮುಪ್ಪಿನ ಅನ್ನ ಕಸಿದ ಹಾಗೆ.

ಕಾರ್ಡ್

- ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ತಂದೆ ಹೆಸರು ಬೇಡ.
- ಲ್ಯಾಮಿನೇಟ್ ಮಾಡಿಸಬೇಡಿ. ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಬೇಡಿ.
- ಫೋನ್ ಮಾಡಿ ನಂಬರ್ ಕೇಳಿದವರಿಗೆ ಹೇಳಬೇಡಿ.
- ಎಫ್-1 ವೀಸಾದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಫೈಕಾ ಇಲ್ಲ. ಹಿಡಿದಿದ್ದರೆ ವಾಪಸ್ ಕೇಳಿ.

ಅಪ್ಪ ಅಮ್ಮನನ್ನು ಕರೆಸುವ ಮುಂಚೆ

ಇದನ್ನು ಎರಡು ಸಲ ಓದಿ.

ಪೌರತ್ವ ಬಂದ ಮೇಲೆ ನಾನು ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದೆ. ಅಮ್ಮನಿಗೆ 68. ಇಲ್ಲಿ 65 ದಾಟಿದವರಿಗೆ ಮೆಡಿಕೇರ್ ಇದೆ, ಸರ್ಕಾರ ನೋಡಿಕೊಳ್ಳುತ್ತೆ ಅಂತ ಧೈರ್ಯವಾಗಿದ್ದೆ. ಬಂದ ಆರನೇ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಕೌಂಟರಿನಲ್ಲಿ ಮೆಡಿಕೇರ್ ಅಂದೆ. ಆಕೆ ಮೆತ್ತಗೆ ಕೇಳಿದಳು, "ನಿಮ್ಮ ತಾಯಿ ಈ ದೇಶದಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿಕಿತ್ಸೆ ಕೊಟ್ಟರು. ತುರ್ತು ಚಿಕಿತ್ಸೆಗೆ ಬಂದವರನ್ನು ದುಡ್ಡಿಲ್ಲ ಅಂತ ಹಾಗೇ ವಾಪಸ್ ಕಳಿಸುವಂತಿಲ್ಲ, 1986ರ ಕಾನೂನು ಇದೆ. ಆದರೆ ಬಿಲ್ ಬರುತ್ತದೆ. ನಮಗೆ ಬಂದದ್ದು ಐದು ಲಕೋಟೆ. ಆಂಬುಲೆನ್ಸಿನದು ಬೇರೆ, ಆಸ್ಪತ್ರೆಯದು ಬೇರೆ, ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರದು ಬೇರೆ, ಅರಿವಳಿಕೆ ಕೊಟ್ಟವರದು ಬೇರೆ, ಎಕ್ಸ್‌ರೇ ನೋಡಿದವರದು ಬೇರೆ. ಅಡುಗೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಅಮ್ಮ ವಾಕರ್ ಹಿಡಿದು ಬಂದು ನೋಡಿ, "ನನ್ನನ್ನು ಊರಿಗೆ ಕಳಿಸಿಬಿಡು" ಅಂದರು. ತೀರಿಸಲು ನಾಲ್ಕು ವರ್ಷ ಹಿಡಿಯಿತು.

ಯಾಕೆ ಹೀಗೆ ಅಂದರೆ, 1945ರಲ್ಲಿ ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ಆರೋಗ್ಯ ವಿಮೆ ಬೇಕು ಅಂದರು. ವೈದ್ಯರ ಸಂಘ ಜೋರಾಗಿ ವಿರೋಧಿಸಿತು, ಆಗಲಿಲ್ಲ. ಇಪ್ಪತ್ತು ವರ್ಷದ ನಂತರ, 1965ರ ಜುಲೈ 30ರಂದು, ಅಧ್ಯಕ್ಷ ಜಾನ್ಸನ್ ಅವರು ಟ್ರೂಮನ್ ಅವರ ಊರಿಗೇ ಹೋಗಿ ಮೆಡಿಕೇರ್ ಕಾನೂನಿಗೆ ಸಹಿ ಹಾಕಿ ಆ ಹಿರಿಯರನ್ನೇ ಮೊದಲ ಸದಸ್ಯರಾಗಿ ಸೇರಿಸಿದರು. ಆದರೆ ಎಲ್ಲರಿಗೂ ಅಲ್ಲ. ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಮೆಡಿಕೇರ್‌ನ ಆಸ್ಪತ್ರೆ ಭಾಗ ಕಂತಿಲ್ಲದೆ ಸಿಗಬೇಕಾದರೆ ತಾವೋ ತಮ್ಮ ಸಂಗಾತಿಯೋ 40 ಕ್ರೆಡಿಟ್ ದುಡಿದಿರಬೇಕು. ಮಗಳು ದುಡಿದದ್ದು ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಗ್ರೀನ್ ಕಾರ್ಡ್ ಮೇಲೆ ಐದು ವರ್ಷ ಇಲ್ಲೇ ವಾಸ ಮಾಡಿ, ಆಮೇಲೆ ದುಡ್ಡು ಕೊಟ್ಟು ಕೊಳ್ಳಬೇಕು.

ಮೆಡಿಕೇಡ್ ಅಂತೀರಾ? 1996ರ ಆಗಸ್ಟ್ 22ರಂದು ಕ್ಲಿಂಟನ್ ಸಹಿ ಹಾಕಿದ ಕಾನೂನಿನ ಪ್ರಕಾರ ಹೊಸ ಗ್ರೀನ್ ಕಾರ್ಡಿನ ಹೆಚ್ಚಿನ ದೊಡ್ಡವರಿಗೆ ಐದು ವರ್ಷ ಅದೂ ಇಲ್ಲ. ಅಪ್ಪ ಅಮ್ಮನಿಗಾಗಿ ನೀವು ಐ-864 ಅನ್ನುವ ಹೊಣೆಪತ್ರಕ್ಕೆ ಹಾಕುವ ಸಹಿಗೆ ಕೋರ್ಟಿನ ಬಲ ಬಂದದ್ದೂ ಅದರಿಂದಲೇ. ಅವರಿಗೆ ಪೌರತ್ವ ಬರುವವರೆಗೆ ಅಥವಾ 40 ಕ್ರೆಡಿಟ್ ಲೆಕ್ಕಕ್ಕೆ ಸೇರುವವರೆಗೆ ಅವರ ಹೊಣೆ ನಿಮ್ಮದು. ನಿಮ್ಮ ಕೆಲಸ ಹೋದರೂ ಸಹಿ ಹೋಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? 2010ರ ಒಬಾಮ ಆರೋಗ್ಯ ಕಾನೂನಿನ ಸರ್ಕಾರಿ ವಿಮೆ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳಿ, 65 ದಾಟಿದ್ದರೂ ಕೊಡುತ್ತಾರೆ. ಅವರು ಬಂದಿಳಿದ 60 ದಿನದೊಳಗೆ ಮಾಡಿ. ಜೆಟ್‌ಲ್ಯಾಗ್ ಇಳಿಯಲಿ, ಸತ್ಯನಾರಾಯಣ ಪೂಜೆ ಮುಗಿಯಲಿ ಅಂತ ಕಾಯಬೇಡಿ. ವಿಸಿಟರ್ ವೀಸಾದಲ್ಲಿ ಬರುವವರಿಗೆ ಪ್ರವಾಸಿ ವಿಮೆ. ಶುಗರ್, ಬಿಪಿ ಮೊದಲೇ ಇದ್ದರೆ ಅದಕ್ಕೆ ಏನು ಕೊಡುತ್ತಾರೆ ಅಂತ ಓದಿ ಸಹಿ ಹಾಕಿ.

ಕೆಲಸ ಹೋದರೆ

ಎರಡನೇ ಮಹಾಯುದ್ಧದಲ್ಲಿ ಸಂಬಳ ಏರಿಸಬಾರದು ಅಂತ ಸರ್ಕಾರ ತಡೆ ಹಾಕಿತ್ತು. ಜನರನ್ನು ಸೆಳೆಯಲು ಕಂಪನಿಗಳು ಆರೋಗ್ಯ ವಿಮೆ ಕೊಡತೊಡಗಿದವು. ಅದೇ ಇವತ್ತಿಗೂ ಉಳಿದಿದೆ. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. 'ಕೋಬ್ರಾ' ಅನ್ನುವ ಕಾನೂನಿನಲ್ಲಿ ಹಳೆ ಕಂಪನಿಯ ವಿಮೆಯನ್ನೇ ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಬಹುದು, ಪೂರ್ತಿ ಕಂತು ನಿಮ್ಮದೇ. ತೀರ್ಮಾನಕ್ಕೆ 60 ದಿನ.

"ಅದೆಲ್ಲ ನಮಗಲ್ಲ" ಅನ್ನುವವರಿಗೆ

ಕಳೆದ ಸಲ ಲೇಆಫ್ ಆದಾಗ ನಮ್ಮ ಕೂಟದ ಒಂದು ಮನೆಯವರು ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಯುಗಾದಿಗೆ ಎಂದಿನಂತೆ ಒಬ್ಬಟ್ಟು ಮಾಡಿ ತಂದರು. ಇಲ್ಲೇ ಹುಟ್ಟಿದ ಮಗುವಿಗೆ ಶಾಲೆಯ ಊಟ, ಮಕ್ಕಳ ವಿಮೆ ಎರಡೂ ಸಿಗುತ್ತಿತ್ತು, ಕೇಳಲೇ ಇಲ್ಲ. ನಾಚಿಕೆ ಒಂದು ಕಡೆ, 'ಪಬ್ಲಿಕ್ ಚಾರ್ಜ್' ಅನ್ನುವ ಹೆದರಿಕೆ ಇನ್ನೊಂದು ಕಡೆ. ಆ ಹೆದರಿಕೆ ಸುಳ್ಳಲ್ಲ. ಸರ್ಕಾರಕ್ಕೆ ಹೊರೆಯಾಗುವವರು ಬೇಡ ಅನ್ನುವ ನಿಯಮ 1882ರಿಂದ ಇದೆ. 2019ರಲ್ಲಿ ಬಿಗಿ ಮಾಡಿದರು, 2022ರಲ್ಲಿ ಸಡಿಲ ಮಾಡಿದರು. ಆಡಳಿತ ಬದಲಾದರೆ ಇದೂ ಬದಲಾಗುತ್ತದೆ. ಆದ್ದರಿಂದ ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ವಾಟ್ಸ್‌ಆ್ಯಪ್ ನಂಬದೆ ವಲಸೆ ವಕೀಲರನ್ನು ಕೇಳಿ.

ಮೆಡಿಕೇರ್ ಬಂದ 1965ರ ಅಕ್ಟೋಬರ್ 3ಕ್ಕೇ ಅದೇ ಜಾನ್ಸನ್ ವಲಸೆ ಕಾನೂನಿಗೂ ಸಹಿ ಹಾಕಿದರು. ನಮ್ಮವರಿಗೆ ಈ ದೇಶದ ಬಾಗಿಲು ಅಗಲವಾಗಿ ತೆರೆದದ್ದು ಆಗಲೇ. ಆ ಕಾಲದಲ್ಲಿ ಬಂದು, ದುಡಿದು, ಕೂಟ ಕಟ್ಟಿದ ಹಿರಿಯರು ಈಗ ರಾಜ್ಯೋತ್ಸವದಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಿಮ್ಮ ಫೈಕಾದ ಪಾಲು ಅವರಿಗೂ ಹೋಗುತ್ತಿದೆ. ಮುಂದಿನ ಸಭೆಗೆ ಸಂಬಳದ ಚೀಟಿ ತನ್ನಿ. ಊಟದ ಸಾಲಿನ ಪಕ್ಕದ ಟೇಬಲ್‌ನಲ್ಲಿ ಅವರೇ ಇಬ್ಬರು ಕೂತು ನಿಮ್ಮ ಕ್ರೆಡಿಟ್ ನೋಡುವುದನ್ನು ಹೇಳಿಕೊಡುತ್ತಾರೆ.